ಇಂಗ್ಲಿಷ್ ಕಾದಂಬರಿಗಳೂ ನಮ್ಮ ಚೆನ್ನಮ್ಮತ್ತೆಯೂ

ನಾನು ಓದು ನಿಲ್ಲಿಸಿದ್ದು ೧೯೧೯ರಲ್ಲಿ. ನಮ್ಮ ಚೆನ್ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಓದು ಶುರು ಮಾಡಲೇ ಇಲ್ಲ. ಆದರೂ ಇಂಗ್ಲಿಷ್ ಕಾದಂಬರಿಗಳ ಮಟ್ಟಿಗೆ ಹುಣಸೂರಿನ ನಮ್ಮ ಬೀದಿಯಲ್ಲಿ ಆಕೆ ಹೇಳಿದ್ದೇ ಕಡೇ ಮಾತು. ಕತೆ ಹಿಡಿಸದಿದ್ದರೆ ಬೈಯುತ್ತಿರಲಿಲ್ಲ. ಹಿಚುಕುತ್ತಿದ್ದ ಅವರೆಕಾಳಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಓದುವವರು ಅಲ್ಲಿಗೇ ಪುಸ್ತಕ ಮುಚ್ಚಬೇಕು.

ಓದುವವರು ರೈಟರ್ ವೆಂಕಟಯ್ಯನವರು. ಕೊಡಗಿನ ಕಾಫಿ ತೋಟದಲ್ಲಿ ಲೆಕ್ಕ ಬರೆಯುತ್ತಿದ್ದವರು. ತೋಟದ ದೊರೆಸಾನಿ ಸೀಮೆಗೆ ವಾಪಸು ಹೋಗುವಾಗ ಒಂದು ಪೆಟ್ಟಿಗೆ ಪುಸ್ತಕ ಇವರಿಗೆ ಬಿಟ್ಟುಹೋಗಿದ್ದಳು. ಎಲ್ಲ ಒಂದೇ ಜಾತಿಯವು. ನೂರು ವರ್ಷ ಹಿಂದಿನ ಇಂಗ್ಲೆಂಡು, ಸಾರೋಟು, ಕುಣಿತದ ಕೂಟ, ಜಂಬದ ಲಾರ್ಡು, ಗತಿಯಿಲ್ಲದ ಮನೆಯ ಜಾಣ ಹುಡುಗಿ. ಸಂಜೆ ಅತ್ತೆಯ ಜಗಲಿಯಲ್ಲಿ ಕೂತು ಅವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಗಾಡಿ ಮಾಡುವವನಾದ ನನಗೆ ಸಾರೋಟಿನ ಚಕ್ರ ಎಂಥದ್ದು ಅಂತ ತಿಳಿಯಬೇಕಿತ್ತು. ಕೇಳಿದರೆ ಅತ್ತೆ, "ಚಕ್ರ ಕಟ್ಕಂಡ್ ನಿಂಗೇನ್ಲಾ, ಉಡ್ಗಿ ಅಳ್ತಾವ್ಳೆ ಅಲ್ಲಿ!" ಎಂದು ಗದರುವಳು.

ಲಾರ್ಡುಗಳನ್ನು ಕಂಡರೆ ಆಕೆಗೆ ಆಗದು. "ಈವಯ್ಯ ಒತ್ತಾರೆ ಎದ್ದು ಕುದ್ರೆ ಅತ್ತದು, ಸಂದೇಗೆ ಇಳಿಯದು. ಗೇಮೆ ಮಾಡದು ಯಾವಾಗ ಸ್ವಾಮೀ?"

"ಆಸ್ತಿ ಇದೆಯಲ್ಲ ಚೆನ್ನಮ್ಮ."

"ಆಸ್ತಿ ತಾನಾಗೇ ಉತ್ಕೊಂಡದಾ?"

ಈ ಮಾತಿಗೆ ನಾನು ಹಿಗ್ಗುತ್ತಿದ್ದೆ. ಕಾರಣ ಇತ್ತು. ಅತ್ತೆಯ ಮಗಳು ಗೌರಿಯನ್ನು ನಾನು ಮದುವೆಯಾಗಬೇಕೆಂದಿದ್ದೆ. ಅಂತರಸಂತೆಯಿಂದ ಸಾಲಿಗ್ರಾಮದವರೆಗೆ ನಾನು ಮಾಡಿದ ಗಾಡಿ ಓಡದ ದಾರಿ ಇರಲಿಲ್ಲ. ಆದರೆ ಅತ್ತೆಯ ಕಣ್ಣು ಪಿರಿಯಾಪಟ್ಟಣದ ಒಬ್ಬ ಗುಮಾಸ್ತನ ಮೇಲಿತ್ತು. "ಇಸ್ಕೂಲ್ ಬುಟ್ಟೋನ್ಗೆ ಎಂಗ್ಲಾ ಕೊಡ್ಲಿ?" ಎಂದಿದ್ದಳು. ಎರಡನೇ ಸಲ ಕೇಳುವ ಜಾಯಮಾನ ನನ್ನದಲ್ಲ.

ಸಣ್ಣ ಕತೆಗಳ ಪುಸ್ತಕಗಳೂ ಪೆಟ್ಟಿಗೆಯಲ್ಲಿದ್ದವು. ಪಕ್ಕದ ಅಂಗಡಿಯ ದರ್ಜಿ ಗಫಾರ್ ಸಾಹೇಬರಿಗೆ ಅವೇ ಇಷ್ಟ. "ಒಂದು ಜುಬ್ಬಾ ಹೊಲಿಯೋದ್ರಲ್ಲಿ ಒಂದು ಕತೆ ಖತಂ" ಎನ್ನುವರು. ಅತ್ತೆಗೆ ಹಿಡಿಸಲಿಲ್ಲ. "ಎಲೆ ಆಕಿ, ಉಪ್ಪಿನ್ಕಾಯಿ ಬಡ್ಸಿ, ಎದ್ದೋಗಿ ಅಂದಂಗದೆ."

ಒಂದು ಸಂಜೆ ರೈಟರು ಓದುತ್ತ ಓದುತ್ತ, ಲಾರ್ಡು ತನ್ನ ಚಿಕ್ಕಪ್ಪನ ಮಗಳನ್ನೇ ವರಿಸಿದ ಎಂದುಬಿಟ್ಟರು.

"ಥೂ! ತಂಗಿ ಆಗ್ಬೇಕಲ್ಲ ಅವ್ನ್ಗೆ!" ಬುಟ್ಟಿ ಒಳಗೆ ಹೋಯಿತು.

"ನಮ್ಮಲ್ಲಿ ನಡೀತದೆ ಅಮ್ಮಾ, ಓದ್ಲಿ ಬಿಡಿ" ಎಂದರು ಗಫಾರ್ ಸಾಹೇಬರು.

"ನಿಮ್ಮಲ್ ನಡೀಲಿ ಸಾಬ್ರೇ. ನನ್ ಜಗ್ಲೀಲಿ ನಡಿಯಾಕಿಲ್ಲ!" ಒಳಗಿನಿಂದ ಉತ್ತರ.

ಮಾರನೇ ದಿನ ರೈಟರು ಚಿಕ್ಕಪ್ಪನನ್ನು ಸೋದರಮಾವ ಮಾಡಿದರು. ಇಂಗ್ಲೆಂಡಿನಲ್ಲಿ ಮದುವೆ ಸಾಂಗವಾಗಿ ನಡೆಯಿತು. ಅತ್ತೆ ಎಲ್ಲರಿಗೂ ಬೆಲ್ಲದ ಕಾಫಿ ಕೊಟ್ಟಳು. ಗೌರಿಗೆ ನಾನೂ ಸೋದರಮಾವನ ಮಗನೇ. ಕಾಫಿ ಕುಡಿದು ಸುಮ್ಮನೆ ಎದ್ದುಬಂದೆ.

ಆಮೇಲೆ ಬಂದ ಕಾದಂಬರಿಯಲ್ಲಿ ಒಬ್ಬಳು ಮುದುಕಿ. ಸಾಕಿದ ಹುಡುಗಿ ಹಡಗಿನ ಕೆಲಸದವನನ್ನು ಮೆಚ್ಚಿದ್ದರೆ, ಈಕೆ ದೊಡ್ಡ ಮನೆಯವನೇ ಆಗಬೇಕೆಂದು ಹಟ ಹಿಡಿದಿದ್ದಳು. ಅತ್ತೆಗೆ ಮೈಯೆಲ್ಲ ಉರಿದುಹೋಯಿತು.

"ಆ ಮುದ್ಕಿಗೇನ್ ಬಂದದೆ ದೊಡ್ರೋಗ! ಉಡ್ಗ ಗೇಯ್ತಾವ್ನೆ, ಉಡ್ಗಿ ಒಪ್ಪವ್ಳೆ. ಕೊಡಾಕೇನ್ ದಾಡಿ?"

ಬಾಗಿಲ ಹಿಂದೆ ನಿಂತಿದ್ದ ಗೌರಿ, ಯಾವತ್ತೂ ಬಾಯಿ ಬಿಡದವಳು, ಮೆಲ್ಲಗೆ ಕೇಳಿದಳು: "ಅದ್ನೇ ನಾನೂ ಕೇಳ್ತೀನಿ ಕಣವ್ವ. ಕೊಡಾಕೇನ್ ದಾಡಿ?"

ಗಫಾರ್ ಸಾಹೇಬರ ಮಿಷನ್ನು ನಿಂತಿತು. ರೈಟರು ಕನ್ನಡಕ ತೆಗೆದು ಒರೆಸತೊಡಗಿದರು. ಅತ್ತೆ ಬುಟ್ಟಿ ಎತ್ತಿದಳು. ಆದರೆ ಒಳಗೆ ಹೋಗಲಿಲ್ಲ. ಒಂದು ಹಿಡಿ ಅವರೆ ಸಿಪ್ಪೆ ನನ್ನ ಮೇಲೆ ಎರಚಿದಳು.

"ಕಲ್ಲಂಗ್ ಕುಂತವ್ನೆ ನೋಡು! ನಾಳೀಕೆ ನಿಮ್ಮಪ್ಪನ್ಗೆ ಎಲೆ ಅಡ್ಕೆ ತಕ್ಕಂಡ್ ಬರಾಕೇಳ್ಲಾ. ನೀವ್ ಮುಂದಕ್ಕೋದಿ ಸ್ವಾಮೀ."

ಹೋದ ಮಾಘದಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಳು. ಗಂಜಿ ಕುಡಿಸಲು ಹೋದೆ. ಒಂದು ಗುಟುಕು ಕುಡಿದು, "ನಿಂದೂ ಗೌರೀದೂ ಕತೆ ಪರ್ವಾಗಿಲ್ಲ ಕಣ್ಲಾ. ಸುರೂನಲ್ಲಿ ವಸಿ ಎಳೀತು, ಅಷ್ಟೇಯ" ಎಂದಳು. ಎರಡು ದಿನಕ್ಕೆ ಹೋಗಿಬಿಟ್ಟಳು.

ಈಗ ನನ್ನದು ಅಂತ ಇರುವುದು ಒಂದು ಗಾಡಿ ಕಾರ್ಖಾನೆ, ಆರು ಜನ ಕೆಲಸದವರು, ಒಂದು ಜೊತೆ ಎತ್ತು, ಗೌರಿ, ಮೂವರು ಮಕ್ಕಳು.