ಅಡುಗೆಮನೆ ಮೂಲೆಯ ಹಗೆ

ಬಾಡಿಗೆ ಮನೆ ನೋಡಲು ಹೋದವರು ನಲ್ಲಿ ತಿರುಗಿಸುತ್ತಾರೆ, ಸ್ವಿಚ್ಚು ಒತ್ತುತ್ತಾರೆ, ಮಾಳಿಗೆ ಸೋರುತ್ತದೆಯೇ ಎಂದು ತಲೆಯೆತ್ತುತ್ತಾರೆ. ಸವದತ್ತಿಯ ಆ ಹಳೇ ಕಲ್ಲುಮನೆಯಲ್ಲಿ ನಾನೂ ಅಷ್ಟೇ ಮಾಡಿದೆ. ನೆಲ ನೋಡಲಿಲ್ಲ.

ಮಾಲಕಿ ಪಕ್ಕದ ಮನೆಯ ಮುದುಕಿ. ಕೀಲಿ ಕೊಡುವಾಗ ಅಡುಗೆಮನೆಯ ಮೂಲೆಗೆ ಬೆರಳು ಮಾಡಿ, "ಅಲ್ಲಿ ಹಗಿ ಐತಿ ನಮ್ಮವ್ವಾ. ಕೂಸಿನ್ನ ಮಲಗಸಬ್ಯಾಡ" ಎಂದಳು. ನಾನು ರಾಮದುರ್ಗದ ನೇಕಾರರ ಮಗಳು. ನಮಗೆ ಹೊಲವಿಲ್ಲ, ಸುಗ್ಗಿಯಿಲ್ಲ. ಹಗೆಯೆಂದರೆ ನನಗೆ ಗೊತ್ತಿದ್ದದ್ದು ದ್ವೇಷವೊಂದೇ. ಯಾರದೋ ತೀರದ ಸಿಟ್ಟು ಆ ಮೂಲೆ ಹಿಡಿದು ಕೂತಿದೆ ಎಂದುಕೊಂಡೆ. ಕೇಳಲು ಬಾಯಿ ಬರಲಿಲ್ಲ. ಮಗಳಿಗೆ ಆಗ ಹತ್ತು ತಿಂಗಳು.

ನಮ್ಮ ಮನೆಯವರಿಗೆ ಹೇಳಿದರೆ, "ಬಸ್‌ಸ್ಟ್ಯಾಂಡ ಹತ್ರ ಐತಿ. ಹಗಿನೂ ಇರ್ಲಿ, ನಾವೂ ಇರೂಣು" ಎಂದು ನಕ್ಕರು.

ಎಲ್ಲಮ್ಮನ ಹೆಸರು ಹೇಳಿ ದಿನಾ ಆ ಮೂಲೆಗೂ ಒಂದು ಹಣತೆ ಇಡತೊಡಗಿದೆ. ಮಳೆ ಹಿಡಿದ ಮೇಲೆ ಅಲ್ಲಿ ದೀಪ ನಿಲ್ಲದಾಯಿತು. ಗಾಳಿಯಿಲ್ಲ, ಎಣ್ಣೆ ತುಂಬಿದೆ. ಆದರೂ ಜ್ಯೋತಿ ಸಣ್ಣಗಾಗಿ, ಯಾರೋ ಮೆಲ್ಲಗೆ ಹಿಸುಕಿದಂತೆ ಆರುತ್ತಿತ್ತು. ಅದೇ ಹಣತೆ ಒಲೆಯ ಕಟ್ಟೆಯ ಮೇಲೆ ಚೆಂದ ಉರಿಯುತ್ತಿತ್ತು. ಮೂಲೆಯ ಚಪ್ಪಡಿಕಲ್ಲಿನ ಸಂದಿಯಿಂದ ಹುಳಿ ವಾಸನೆ. ಕೊಡ ಇಟ್ಟರೆ ಕೆಳಗಿನಿಂದ ಹೂಂಗುಟ್ಟಿದಂಥ ಸಪ್ಪಳ. ನಾನು ವಿಭೂತಿ ಹಚ್ಚಿ ಕೈಮುಗಿದೆ.

ಒಂದು ಮಧ್ಯಾಹ್ನ ರೊಟ್ಟಿ ಬಡಿದು, ಹಿಟ್ಟಿನ ಕೈ ತೊಳೆಯಲು ಹಿತ್ತಲಿಗೆ ಹೋಗಿ ಬಂದೆ. ಮಗಳು ಅಂಬೆಗಾಲಿಡುತ್ತ ಹೋಗಿ ಆ ಕಲ್ಲಿನ ಮೇಲೆ ಬೋರಲು ಮಲಗಿದ್ದಳು. ನಿದ್ದೆ ಎಂದುಕೊಂಡೆ. ಎತ್ತಿಕೊಂಡರೆ ಕುತ್ತಿಗೆ ಹಸಿ ಬಟ್ಟೆಯ ಹಾಗೆ ಜೋತುಬಿತ್ತು. ಅಂಗಳಕ್ಕೆ ಓಡಿದೆ. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಮಗಳು ಬಿಕ್ಕಿ ಅತ್ತಳು. ಆ ಅಳುವಿನಷ್ಟು ಇಂಪಾದದ್ದನ್ನು ನಾನು ಎಲ್ಲಮ್ಮನ ಗುಡ್ಡದಲ್ಲೂ ಕೇಳಿಲ್ಲ.

ಸಪ್ಪಳಕ್ಕೆ ಮುದುಕಿ ಬಂದಳು. "ಹೇಳಿದ್ನಿಲ್ಲ, ಅಲ್ಲಿ ಹಗಿ ಐತಿ ಅಂತ?"

"ಯಾರ ಹಗಿರಿ, ಅಮ್ಮಾರ?"

"ನಮ್ಮ ಮಾವಂದು."

"ಯಾರ ಮ್ಯಾಲರಿ?"

"ಮ್ಯಾಲಲ್ಲವಾ, ತೆಳಗ. ಜ್ವಾಳ ತುಂಬು ತೆಗ್ಗು. ಕೂಸಿಗೆ ಥಂಡಿ ಹತ್ತೀತು ಅಂತ ಹೇಳಿದ್ದೆ."

ಅವಳಿಗೂ ಥಂಡಿಯಷ್ಟೇ ಗೊತ್ತಿತ್ತು. ಡಾಕ್ಟರು ಮಗಳಿಗೆ ಏನೂ ಆಗಿಲ್ಲ ಎಂದರು. ಮರುದಿನ ಬಂದ ಗೌಂಡಿ ನಮ್ಮನ್ನೆಲ್ಲ ಹೊರಗೆ ಕಳಿಸಿ, ಚಪ್ಪಡಿ ಸರಿಸಿ, ಎರಡು ದಿನ ಹಗೆಯ ಬಾಯಿ ತೆರೆದಿಟ್ಟ. ತಳದಲ್ಲಿ ಉಳಿದಿದ್ದ ಹಳೇ ಜೋಳಕ್ಕೆ ಮಳೆನೀರು ಬಸಿದು ಕೊಳೆತಿತ್ತು. ಅದರ ಉಸಿರುಗಟ್ಟಿಸುವ ಗಾಳಿಯೇ ಸಂದಿಯಿಂದ ಮೇಲೇಳುತ್ತಿತ್ತು. "ಇದರಾಗ ಇಳದವ್ರು ಏರಂಗಿಲ್ರಿ" ಎಂದು ಮೇಲೇ ನಿಂತು ಗರಸು ಮಣ್ಣು ತುಂಬಿಸಿದ.

ಬಾಡಿಗೆ ಹಿಡಿಯುವವರು ಹಿಮ್ಮಡಿಯಿಂದ ನೆಲ ಕುಟ್ಟಿ ನೋಡಿ. ಟೊಳ್ಳೆನಿಸಿದರೆ ಕೇಳಿ. ಮನೆ ಮಾಲಕರ ಮಾತು ತಿಳಿಯದಿದ್ದರೆ "ಹಂಗಂದ್ರ ಏನ್ರಿ" ಎನ್ನಲು ನಾಚಬೇಡಿ; ನಾನು ನಾಚಿದೆ. ನೆಲದ ದೀಪ ಸುಮ್ಮನೆ ಆರಿದರೆ ಪೂಜೆ ಆಮೇಲೆ, ಮೊದಲು ಮಕ್ಕಳನ್ನೆತ್ತಿಕೊಂಡು ಹೊರಗೆ ನಡೆಯಿರಿ.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಹಗಲು ಎಲ್ಲೇ ಮಲಗಿರಲಿ, ನಾನು ಹೋಗಿ ಮೂಗಿನ ಬಳಿ ಬೆರಳು ಹಿಡಿಯುತ್ತೇನೆ.

"ಬಿಡವಾ, ಉಸರ ಐತಿ" ಎನ್ನುತ್ತಾಳೆ, ಕಣ್ಣು ತೆರೆಯದೆ.