ಬಾನೆಟ್ಟಿನ ಮೇಲಿನ ಕುಂಕುಮ

ಬರ್ಮಿಂಗ್‌ಹ್ಯಾಮಿನ ಹೊರಗೆ ಹಳೇ ಕಾರುಗಳ ಮ್ಯೂಸಿಯಮ್ಮೊಂದಿದೆ. ಶನಿವಾರಗಳಂದು ನಾನಲ್ಲಿ ಸಂಬಳವಿಲ್ಲದ ಗೈಡ್ ಆಗಿದ್ದೆ. ಅಲ್ಲಿ ನೂರು ವರ್ಷ ದಾಟಿದ ಹಸಿರು ಕಾರೊಂದಿದೆ. ಎಂಜಿನ್ನಿನಿಂದ ಹಿತ್ತಾಳೆಯ ದೀಪದವರೆಗೆ ಅದರ ನಕ್ಷೆಯನ್ನೆಲ್ಲ ಬಿಡಿಸಿದವನು ಒಬ್ಬನೇ. ಕಾರು ರೇಸಿನಲ್ಲಿ ಗೆದ್ದದ್ದೇ ತಡ, ಕಾರ್ಖಾನೆಯ ಮಾಲೀಕ ಅದಕ್ಕೆ ತನ್ನ ಹೆಸರಿಟ್ಟು ಇವನನ್ನು ಹೊರಗೆ ಹಾಕಿದ. ಕಡೆಗಾಲದಲ್ಲಿ ಪಾಪ, ಇವನು ಇನ್ನೆಲ್ಲೋ ಹುಲ್ಲು ಕತ್ತರಿಸುವ ಯಂತ್ರಗಳ ಹಿಡಿಕೆಯ ನಕ್ಷೆ ಬಿಡಿಸಿಕೊಂಡಿದ್ದನಂತೆ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು. ಮ್ಯೂಸಿಯಮ್ಮಿನವರಿಗೆಲ್ಲ ಈ ಕಥೆ ಗೊತ್ತು. ಆದರೂ ಕಾರಿನ ಮುಂದಿನ ಫಲಕದಲ್ಲಿ ಮಾಲೀಕನ ಹೆಸರೊಂದೇ.

ನಾನೂ ಇಲ್ಲಿಯ ಕಂಪನಿಯೊಂದರಲ್ಲಿ ಕಾರಿನ ಬಾಗಿಲುಗಳ ನಕ್ಷೆ ಬಿಡಿಸಿ ಅನ್ನ ತಿನ್ನುವವಳು. ಹೊಸ ಕಾರು ಬಿಡುಗಡೆಯಾಗುವ ದಿನ ವೇದಿಕೆ ಹತ್ತುವವರು ಯಾರೆಂದು ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ಹಸಿರು ಕಾರಿನ ನಕ್ಷೆ ಬಿಡಿಸಿದವನ ಹೆಸರಿನ ಒಂದೇ ಒಂದು ಸಾಲು ಸೇರಿಸಿ ಎಂದು ಮ್ಯೂಸಿಯಮ್ಮಿನ ಮೇಲ್ವಿಚಾರಕಿಯ ಬೆನ್ನು ಬಿದ್ದೆ. ಫಲಕದಲ್ಲಿ ಜಾಗವಿಲ್ಲ ಎಂದು ಆಕೆ ಪ್ರತಿ ಸಲವೂ ನಗುನಗುತ್ತಲೇ ಹೇಳುತ್ತಿದ್ದಳು. ಆ ನಗು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಮನೆಯಲ್ಲಿ ಡಾಕ್ಟರ್ ಗಂಡ ಬೇರೆ. "ನಿಂಗ್ಯಾಕೆ ಇಲ್ಲದ ಉಸಾಬರಿ? ಅವನೇನು ನಿಮ್ಮ ತಾತನಾ?" ಎಂದರು.

ಆ ವರ್ಷ ಆಯುಧಪೂಜೆ ಶನಿವಾರವೇ ಬಂತು. ಬೆಳಿಗ್ಗೆ ನಮ್ಮ ಕಾರಿಗೆ ಪೂಜೆ ಮಾಡಿ, ಅದೇ ಕುಂಕುಮದ ಬಟ್ಟಲು ಹಿಡಿದು ಮ್ಯೂಸಿಯಮ್ಮಿಗೆ ಹೋದೆ. ಹೆಸರಂತೂ ಹಾಕಲಿಲ್ಲ, ಅವನ ಕೈಕೆಲಸಕ್ಕೆ ಒಂದು ಬೊಟ್ಟಾದರೂ ಬೇಡವೇ? ಯಾರೂ ಇಲ್ಲದಾಗ ಬಾನೆಟ್ಟಿಗೆ ಒದ್ದೆ ಕುಂಕುಮ ಇಟ್ಟೆ. ಅಭ್ಯಾಸಬಲ, ಮುಂದಿನ ಚಕ್ರದಡಿ ನಿಂಬೆಹಣ್ಣನ್ನೂ ಇಟ್ಟೆ.

ಟೈರು ಒಂದೇ ಕಡೆ ಒತ್ತಿ ಚಪ್ಪಟೆಯಾಗಬಾರದೆಂದು ಅಲ್ಲಿ ಆಗಾಗ ಕಾರುಗಳನ್ನು ಒಂದಿಷ್ಟು ಮುಂದೆ ತಳ್ಳುತ್ತಾರೆ. ಅವತ್ತೇ ತಳ್ಳಬೇಕೆ! ನಿಂಬೆಹಣ್ಣು ಪಚಕ್ಕನೆ ಒಡೆಯಿತು, ಎಲ್ಲರೂ ಕೂಡಿದರು. ನೆಲವನ್ನೇನೋ ಒರೆಸಿದರು, ಹಳೇ ಬಣ್ಣಕ್ಕೆ ಇಳಿದಿದ್ದ ಕುಂಕುಮ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಮೇಲ್ವಿಚಾರಕಿ ದನಿ ಎತ್ತಲೇ ಇಲ್ಲ. ಮುಂದಿನ ವಾರದಿಂದ ಗೈಡುಗಳ ಪಾಳಿಪಟ್ಟಿಯಲ್ಲಿ ನಾನಿರುವುದಿಲ್ಲ ಎಂದಳು. ಹೋಗುವ ಮುಂಚೆ ಅವನ ಸಾಲಿನ ಬಗ್ಗೆ ಮತ್ತೊಮ್ಮೆ ಕೇಳಿದೆ. ಆಕೆ ಬಾಗಿಲು ತೆರೆದು ಹಿಡಿದಳು.

ಕಳೆದ ತಿಂಗಳು ಟಿಕೆಟ್ ಕೊಂಡು ಒಳಗೆ ಹೋದೆ. ಹೊಸ ಫಲಕ ಬಂದಿತ್ತು. ಹತ್ತಿರ ಹೋಗಿ ಓದಿದೆ. ಮೇಲೆ ಎಂದಿನಂತೆ ಮಾಲೀಕನ ಹೆಸರು. ಅದರ ಕೆಳಗೆ ಒಂದೇ ಒಂದು ಹೊಸ ಸಾಲು: ಬಾನೆಟ್ಟಿನ ಮೇಲಿನ ಕೆಂಪು ಕಲೆ ಮೂಲ ವಿನ್ಯಾಸದ್ದಲ್ಲ.