ಮೇಲಿನಿಂದ ಕೆಳಕ್ಕೆ, ಎರಡಕ್ಷರ

ವಾರಪತ್ರಿಕೆಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಒತ್ತಕ್ಕ ಎಂದೇ ಕರೆಯುತ್ತಿದ್ದರು. ಕರಡು ತಿದ್ದುವುದು ಅವಳ ಕೆಲಸ. ಬಿಟ್ಟುಹೋದ ಒಂದು ಒತ್ತಕ್ಷರವೂ ಅವಳ ಕಣ್ಣು ತಪ್ಪಿಸಿ ಅಚ್ಚಿಗೆ ಹೋದದ್ದಿಲ್ಲ. ಪದಬಂಧವೂ ಹತ್ತೊಂಬತ್ತು ವರ್ಷಗಳಿಂದ ಅವಳ ತಲೆಗೇ ಕಟ್ಟಿದ್ದು. ಡ್ರಾಯಿಂಗ್ ಪಾಠ ಹೇಳಿ ನಿವೃತ್ತರಾಗಿದ್ದ ಮೇಷ್ಟ್ರೊಬ್ಬರು ಅದನ್ನು ಹೆಣೆದು ಕಳಿಸುತ್ತಿದ್ದರು. ವಿಷಯ ಹೊಂದುತ್ತದೆಯೇ, ಪದಗಳು ತಕ್ಕವೇ ಎಂದು ನೋಡಿ ಒತ್ತಕ್ಕ ಸಹಿ ಹಾಕಬೇಕು.

ಆ ವಾರದ ವಿಷಯ ನೆಂಟಸ್ತಿಕೆ. ಅತ್ತಿಗೆ, ಮೈದುನ, ಅನುಜೆ, ಬಂಧುಬಳಗ, ಎಲ್ಲ ಅಚ್ಚುಕಟ್ಟಾಗಿ ಕೂತಿದ್ದವು. ‘ವಿಷಯ ಸೊಗಸು, ಪದಗಳು ಬಿಗಿ’ ಎಂದು ಬರೆದು ಸಹಿ ಹಾಕಿ ಮನೆಗೆ ಬಂದಳು.

ಮನೆಯಲ್ಲಿ ನಾದಿನಿ ಊಟದ ಮೇಜಿನ ಮೇಲೆ ಹೋದ ವಾರದ ಪದಬಂಧ ತುಂಬುತ್ತಿದ್ದಳು. ಪೆನ್ಸಿಲ್ ಮುಟ್ಟುವವಳಲ್ಲ, ನೇರ ಪೆನ್ನು. ಮಕ್ಕಳಾಗಲಿಲ್ಲವೆಂದು ಹನ್ನೊಂದು ವರ್ಷದ ಮೇಲೆ ಗಂಡನ ಮನೆಯವರು ವಾಪಸು ಕಳಿಸಿದ್ದರು. ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸ.

“ಅತ್ತಿಗೆ, ಮುಂದಿನ ವಾರ ಏನು ವಿಷಯ?” ಎಂದು ತಲೆಯೆತ್ತದೆ ಕೇಳಿದಳು.

ಒತ್ತಕ್ಕನಿಗೆ ಆಗ ನೆನಪಾಯಿತು. ಮೇಲಿನಿಂದ ಕೆಳಕ್ಕೆ, ಎರಡಕ್ಷರ: ಮಕ್ಕಳಾಗದವಳು. ಉತ್ತರ, ಬಂಜೆ. ಕಾಗುಣಿತ ನೋಡಿ, ಸರಿ ಎಂದು ಗುರುತು ಹಾಕಿ ಮುಂದೆ ಹೋಗಿದ್ದಳು.

ತಟ್ಟೆಯನ್ನು ಅರ್ಧಕ್ಕೇ ಸರಿಸಿದಳು. ಎದ್ದು ಕಿಟಕಿ ಹಾಕಿದಳು, ಮತ್ತೆ ತೆಗೆದಳು. ಫೋನ್ ಮಾಡೋಣವೆಂದರೆ ನಾದಿನಿ ಎದುರಿಗೇ ಇದ್ದಾಳೆ. ಬೆಳಗ್ಗೆ ತಿಂಡಿಯನ್ನೂ ತಿನ್ನದೆ ಮೊದಲ ಬಸ್ಸಿಗೆ ಓಡಿದಳು. ಪುಣ್ಯಕ್ಕೆ ಪುಟ ಇನ್ನೂ ಕಂಪ್ಯೂಟರಿನಲ್ಲೇ ಇತ್ತು. ಹತ್ತು ಗಂಟೆಗೆ ಅಚ್ಚಿಗೆ ಹೋಗುವುದಿತ್ತು. ಮೇಷ್ಟ್ರಿಗೆ ಫೋನ್ ಮಾಡಿ ಆ ಪದ ಬೇಡವೆಂದಳು.

“ನಿಘಂಟಿನಲ್ಲಿ ಇರೋ ಪದಾನೇ ಅಲ್ವೇನಮ್ಮ?” ಎಂದರು ಮೇಷ್ಟ್ರು.

“ಅಲ್ಲಿರೋದನ್ನೆಲ್ಲ ಮನೆ ಒಳಗೆ ತರೋಕಾಗುತ್ತಾ, ಮೇಷ್ಟ್ರೆ?”

ನಿನ್ನೆ ಒಪ್ಪಿದವರು ನೀವೇ ಅಲ್ಲವೇ ಎಂದು ಅವರು ಕೇಳಿದ್ದಕ್ಕೆ ಅವಳು ‘ಬೇಡ’ ಎಂದಷ್ಟೇ ಮತ್ತೆ ಹೇಳಿದಳು. ಕೊನೆಗೆ, ಬದಲಿ ಪದ ಕೂತರೆ ತಮ್ಮದೇನೂ ಅಡ್ಡಿಯಿಲ್ಲವೆಂದು ಅವರೂ ಮೆತ್ತಗಾದರು.

ಕೂರಬೇಕಲ್ಲ. ಬಂಜೆಯ ‘ಬಂ’ ಬಂಧುಬಳಗದ್ದು, ಕೆಳಗಿನ ‘ಜೆ’ ಅನುಜೆಯದ್ದು. ಅನುಜೆಯ ‘ಅ’ದಿಂದಲೇ ಅತ್ತಿಗೆ ಶುರು. ಒಂದನ್ನು ಕಿತ್ತರೆ ಇನ್ನೊಂದು ಬಾಯ್ಬಿಡುತ್ತಿತ್ತು. ಬಂಡಿ ಹಾಕಿದಳು, ಬಂಡೆ ಹಾಕಿದಳು, ಗಡಿಯಾರ ನೋಡಿದಳು, ಅಳಿಸಿದಳು. ಒಂಬತ್ತೂ ಮುಕ್ಕಾಲಿಗೆ ಅಂತೂ ‘ಬಂಟ’ ಕೂತ. ಅನುಜೆ ಹೋಗಿ ಅಲ್ಲಿಗೆ ‘ಅಕಟ’ ಬಂತು. ಅಕಟ ಅಂತ ಈ ಕಾಲದಲ್ಲಿ ಯಾರು ಅಳುತ್ತಾರೆ ಎಂದು ಮೇಷ್ಟ್ರು ಗೊಣಗಿದರು.

ಪತ್ರಿಕೆ ಬಂದ ದಿನ ನಾದಿನಿಯ ಪೆನ್ನು ಅಲ್ಲೇ ನಿಂತಿತು.

“ನೆಂಟರ ಮಧ್ಯೆ ಈ ಅಕಟ ಯಾರು ಅತ್ತಿಗೆ? ಇದು ತೇಪೆ. ಮೊದಲು ಏನಿತ್ತು?”

ಇಷ್ಟು ಹೇಳಿದರೆ ಏನು ಮಹಾ ಗೊತ್ತಾದೀತು ಎಂದುಕೊಂಡು ಒತ್ತಕ್ಕ “ಅನುಜೆ” ಎಂದಳು. ಪೆನ್ನಿನ ತುದಿ ಅಕಟದ ಕೊನೆಯ ಮನೆಯಿಂದ ಒಂದು ಮನೆ ಮೇಲಕ್ಕೆ, ‘ಬಂ’ ಮೇಲೆ ಹೋಗಿ ಕೂತಿತು. ಒತ್ತಕ್ಕ ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆದಳು.

“ಇದಕ್ಕೇನಾ ಆವತ್ತು ಹಾಗೆ ಓಡಿದ್ದು?” ಎಂದಳು ನಾದಿನಿ. “ನಾನು ಬರೆದು ಮುಂದಕ್ಕೆ ಹೋಗ್ತಿದ್ದೆ. ನನಗೇನು ಹೊಸ ಪದಾನಾ ಅದು.”

“ನಾನೂ ಹಾಗೇ ಮುಂದಕ್ಕೆ ಹೋಗಿದ್ದೆ ಕಣೆ. ಅದಕ್ಕೇ ಓಡಿದೆ.”

ನಾದಿನಿ ಅಕಟವನ್ನು ದುಂಡಗೆ ಬರೆದಳು. “ಇನ್ನು ಮೇಲೆ ಮೊದಲು ನನಗೆ ತೋರಿಸಿ. ಕಾಗುಣಿತ ನಿಮಗಿರಲಿ, ಪದ ನಾನು ನೋಡ್ತೀನಿ.”

ಅಚ್ಚಾಗದ ಪುಟವನ್ನು ಹೊರಗೆ ಒಯ್ಯುವುದು ಕಚೇರಿಯ ನಿಯಮಕ್ಕೆ ವಿರುದ್ಧ. ಮರುವಾರ ಒತ್ತಕ್ಕ ಅದನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಜಿಪ್ಪನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ತನ್ನ ನಿಲ್ದಾಣಕ್ಕೆ ಇನ್ನೂ ಎರಡು ಬಾಕಿಯಿರುವಾಗಲೇ ಎದ್ದು ಬಾಗಿಲ ಬಳಿ ನಿಂತಳು.